ಹದಿನೇಳು ಇಂಚಿನ ಹಟ

"ಈ ಲ್ಯಾಪ್‌ಟಾಪ್ ನಿಮಗೆ ಕೊಡಲ್ಲ."

ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ದುಡ್ಡು ಹಿಡಿದು ಬಂದ ಗಿರಾಕಿಗೆ ಕೊಡಲ್ಲ ಎನ್ನುವ ಅಂಗಡಿಯವನನ್ನು ಅವಳು ಇದೇ ಮೊದಲು ಕಂಡದ್ದು!

"ಕೊಡಲ್ಲ ಅನ್ನೋಕೆ ನೀವ್ಯಾರು? ಹದಿನೇಳು ಇಂಚಿನ ಸ್ಕ್ರೀನ್ ಕೇಳಿದೆ. ಇದು ಹದಿನೇಳು ಇಂಚು. ಪ್ಯಾಕ್ ಮಾಡಿ!"

ಕೌಂಟರಿನ ಹುಡುಗ ಮೂಗಿನಿಂದ ಜಾರಿದ ಕನ್ನಡಕವನ್ನು ಮೇಲೇರಿಸಿದ.

"ವಿಡಿಯೋ ಎಡಿಟಿಂಗ್‌ಗೆ ಅಂದ್ರಿ. ಇದರ ಪ್ರೊಸೆಸರ್ ಎರಡು ವಿಡಿಯೋ ಒಟ್ಟಿಗೆ ಓಡಿಸೋಕೇ ಏದುಸಿರು ಬಿಡುತ್ತೆ ಮೇಡಂ. ನಿಮ್ಮ ಬಜೆಟ್‌ನಲ್ಲಿ ದೊಡ್ಡ ಸ್ಕ್ರೀನ್, ಗಟ್ಟಿ ಪ್ರೊಸೆಸರ್ ಎರಡೂ ಸಿಗಲ್ಲ. ಈ ಹದಿನಾಲ್ಕು ಇಂಚಿಂದು ತಗೊಳ್ಳಿ. ಸ್ಕ್ರೀನ್ ಚಿಕ್ಕದು, ಪ್ರೊಸೆಸರ್ ಗಟ್ಟಿ."

"ಚಿಕ್ಕದು ಬೇಡ ಅಂದೆ!"

"ಅಷ್ಟಕ್ಕೆಲ್ಲ ಯಾಕೆ ಹಟ? ಅಡ್ಜಸ್ಟ್ ಮಾಡ್ಕೊಳ್ಳಿ."

ಅಡ್ಜಸ್ಟ್... ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಪಿತ್ತ ನೆತ್ತಿಗೇರಿತು.

ಪಾಪ, ಅವನಿಗೇನು ಗೊತ್ತು? ಅದೇ ಮಾತಿಗೆ ಅವಳು ಮೊನ್ನೆ ಮೊನ್ನೆ ಸ್ಟುಡಿಯೋ ಕೆಲಸಕ್ಕೆ ಕೈಮುಗಿದು ಬಂದಿದ್ದಳು. ಅವಳ ಅಕ್ಕನಿಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಕಿವಿ ಕೇಳದ ಮಕ್ಕಳಿಗೆ ಅಕ್ಕ ಕೈಸನ್ನೆಯಲ್ಲಿ ಕಥೆ ಹೇಳುತ್ತಾಳೆ, ತಂಗಿ ಅದಕ್ಕೆ ಚಿತ್ರಗಳನ್ನು ಜೋಡಿಸಿ ವಿಡಿಯೋ ಮಾಡುತ್ತಾಳೆ.

"ಕೈ ಆಡಿಸೋದು ತಾನೇ? ಸ್ಕ್ರೀನ್ ಮೂಲೇಲಿ ಒಂದು ಚಿಕ್ಕ ಡಬ್ಬಿ ಮಾಡಿ ನಿಮ್ಮಕ್ಕನ್ನ ಹಾಕು, ಅಡ್ಜಸ್ಟ್ ಆಗುತ್ತೆ" ಎಂದಿದ್ದ ಸ್ಟುಡಿಯೋ ಯಜಮಾನ.

ಈಗ ಅಂಥ ಮಕ್ಕಳ ಶಾಲೆಯೊಂದು ನೇರವಾಗಿ ಅಕ್ಕತಂಗಿಯರಿಗೇ ಕೆಲಸ ಕೊಟ್ಟಿತ್ತು. ಮೊದಲ ಕಥೆ ಒಪ್ಪಿಗೆಯಾದರೆ ವರ್ಷಪೂರ್ತಿಯ ಕೆಲಸ ಅವರದೇ. ಇಲ್ಲದಿದ್ದರೆ ಮತ್ತೆ ಅದೇ ಯಜಮಾನನ ಎದುರು ಕೈಕಟ್ಟಿ ನಿಲ್ಲಬೇಕು.

'ನನ್ನ ಅಕ್ಕ ಇನ್ನು ಯಾವ ಮೂಲೆಯಲ್ಲೂ ಕೂರಲ್ಲ! ಎಡಿಟ್ ಮಾಡುವಾಗ ಅವಳ ಒಂದೊಂದು ಬೆರಳೂ ಕಾಣೋಷ್ಟು ದೊಡ್ಡ ಸ್ಕ್ರೀನೇ ಬೇಕು!'

ಅವಳು ಸೀದಾ ಅಂಗಡಿ ಮಾಲೀಕರ ಬಳಿ ಹೋದಳು.

"ನಿಮ್ಮ ಹುಡುಗನಿಗೆ ಗಿರಾಕಿ ಹತ್ರ ಹೇಗೆ ಮಾತಾಡ್ಬೇಕು ಅಂತ ಕಲಿಸಿ."

"ಅವನ ಮಾತು ಬಿಡಿ ಮೇಡಂ, ಇದರಲ್ಲಿ ಎಲ್ಲಾ ನಡೆಯುತ್ತೆ!" ಮಾಲೀಕರು ಹಲ್ಲುಕಿರಿದರು. "ಆದ್ರೆ ಒಂದ್ಸಲ ಬಾಗಿಲು ದಾಟಿದ್ರೆ ವಾಪಸ್ ತಗೊಳ್ಳಲ್ಲ."

ಅವಳು ಡಬ್ಬ ಎತ್ತಿಕೊಂಡು, ಕನ್ನಡಕದವನ ಕಡೆ ತಿರುಗಿಯೂ ನೋಡದೆ ಹೊರಟಳು. ಅವನು ಮಾತ್ರ ಬಾಗಿಲವರೆಗೂ ನೋಡುತ್ತಲೇ ಇದ್ದ.

ಮನೆಯಲ್ಲಿ ಸ್ಕ್ರೀನ್ ತುಂಬ ಅಕ್ಕ! ನೋಡುತ್ತಿದ್ದಂತೆ ಇಬ್ಬರ ಕಣ್ಣೂ ತುಂಬಿದವು. ಆದರೆ ಪಕ್ಕದಲ್ಲಿ ಚಿತ್ರ ಸೇರಿಸಿ ಓಡಿಸಿದ್ದೇ ತಡ, ಅಕ್ಕನ ಕೈ ಎದೆಯ ಹತ್ತಿರ ಇದ್ದದ್ದು ಇದ್ದಕ್ಕಿದ್ದಂತೆ ಹಣೆಯ ಹತ್ತಿರ ಪ್ರತ್ಯಕ್ಷವಾಯಿತು. ನಡುವಿನದೆಲ್ಲ ಮಾಯ!

ಅಕ್ಕ ಮೇಜು ಗುದ್ದಿ ತಂಗಿಯನ್ನು ತನ್ನತ್ತ ತಿರುಗಿಸಿ ಕೈಯಲ್ಲೇ ಹೇಳಿದಳು: 'ಇದು ನನ್ನ ಬೆರಳು ನುಂಗ್ತಿದೆ. ಬೆರಳು ಹೋದ್ರೆ ನನ್ನ ಮಾತೇ ಹೋಯ್ತು. ಯಾವ ಮಾತಿಗೆ ಯಾವ ಚಿತ್ರ ಜೋಡಿಸ್ತೀಯ? ನೀನು ಬೈತಿದ್ದ ಆ ಕನ್ನಡಕದವನು ಹೇಳಿದ್ದೇ ಸರಿ.'

'ನೀನು ಯಾರ ಕಡೆ?' ತಂಗಿಯ ಕೈ ಸಿಡುಕಿತು.

'ಗಟ್ಟಿ ಪ್ರೊಸೆಸರ್ ಕಡೆ!'

ಮರುದಿನ ಜಗಳಕ್ಕೆ ಸಿದ್ಧಳಾಗಿಯೇ ಅವಳು ಅಂಗಡಿಗೆ ಹೋದಳು. ಕೌಂಟರಿನಲ್ಲಿ ಕನ್ನಡಕದವನಿಲ್ಲ.

"ನೀವು ದೂರು ಕೊಟ್ರಲ್ಲ, ಹಿಂದಿನ ರಿಪೇರಿ ರೂಮಿಗೆ ಕಳಿಸಿದ್ದೀನಿ" ಎಂದರು ಮಾಲೀಕರು. "ಅವನಿಗೆ ಬಾಯಿ ಜಾಸ್ತಿ."

ಅವಳು ರಿಪೇರಿ ರೂಮಿನ ಬಾಗಿಲ ಕಡೆ ನೋಡಿದಳು. 'ನನ್ನಿಂದ...?'

ಲ್ಯಾಪ್‌ಟಾಪನ್ನು ಎಲ್ಲರಿಗೂ ಕಾಣುವಂತೆ ಕೌಂಟರಿನ ಮೇಲಿಟ್ಟಳು. "ಎಲ್ಲಾ ನಡೆಯುತ್ತೆ ಅಂದ್ರಲ್ಲ? ನಡೆಸಿ ತೋರಿಸಿ!"

ಮಾಲೀಕರು ಒತ್ತಿದರು, ತಟ್ಟಿದರು, ಬೆವರಿದರು. ಅಕ್ಕನ ಕೈ ಕುಪ್ಪಳಿಸುತ್ತಲೇ ಇತ್ತು. ಸುತ್ತ ಗಿರಾಕಿಗಳು ಸೇರಿಕೊಂಡರು.

"ನಿಮ್ಮ ಅಂಗಡೀಲಿ ನಿಜ ಹೇಳಿದ್ದು ಅವರೊಬ್ಬರೇ. ಅವರ ಮೇಲೆ ದೂರು ಕೊಟ್ಟದ್ದು ನನ್ನ ತಪ್ಪು, ಇಷ್ಟು ಜನರ ಮುಂದೆ ಒಪ್ಕೋತೀನಿ. ಇದನ್ನ ವಾಪಸ್ ತಗೊಂಡು ಆ ಹದಿನಾಲ್ಕು ಇಂಚಿಂದು ಕೊಡಿ. ಅವರನ್ನೂ ಕೌಂಟರಿಗೆ ಕರೀರಿ. ಅಲ್ಲೀವರೆಗೆ ನಾನು ಇಲ್ಲಿಂದ ಕದಲಲ್ಲ!"

ಹೊಸ ಗಿರಾಕಿಯೊಬ್ಬರು ಮೆಲ್ಲನೆ ಬಾಗಿಲ ಕಡೆ ಸರಿಯುವುದನ್ನು ಕಂಡು ಮಾಲೀಕರು ತಣ್ಣಗಾಗಿ ಎಲ್ಲಕ್ಕೂ ಒಪ್ಪಿದರು.

ಗಲಾಟೆ ಕೇಳಿ ಕನ್ನಡಕದವನು ಸ್ಕ್ರೂಡ್ರೈವರ್ ಹಿಡಿದೇ ಹೊರಬಂದ. "ಇನ್ನೂ ಬೈಯೋದು ಬಾಕಿ ಇತ್ತಾ ಮೇಡಂ?"

"ಕ್ಷಮೆ ಕೇಳೋಕೆ ಬಂದೆ. ಅರ್ಧ ಮಾತ್ರ!"

"ಉಳಿದರ್ಧ?"

"ಅಡ್ಜಸ್ಟ್ ಮಾಡ್ಕೊಳ್ಳಿ ಅಂದ್ರಲ್ಲ... ಅದಕ್ಕೆ ಕ್ಷಮೆ ನೀವು ಕೇಳ್ಬೇಕು."

ಅಕ್ಕನ ಕಥೆ, ಸ್ಟುಡಿಯೋದ ಮೂಲೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಅವನ ಮುಖ ಸಪ್ಪಗಾಯಿತು.

"ದೊಡ್ಡ ಸ್ಕ್ರೀನ್ ಯಾಕೆ ಬೇಕು ಅಂತ ನಾನು ಕೇಳ್ಲೇ ಇಲ್ಲ... ಕ್ಷಮಿಸಿ. ಪೂರ್ತಿ ಕೇಳ್ತಿದ್ದೀನಿ, ಅರ್ಧ ಅಲ್ಲ." ಸ್ಕ್ರೂಡ್ರೈವರ್ ಕೌಂಟರಿನ ಮೇಲಿಟ್ಟು ಹೇಳಿದ, "ಮನೇಲಿ ನನ್ನ ಹಳೇ ಮಾನಿಟರ್ ಸುಮ್ನೆ ಬಿದ್ದಿದೆ. ಸಾಕಷ್ಟು ದೊಡ್ಡದು. ಈ ಚಿಕ್ಕದಕ್ಕೆ ಸಿಕ್ಕಿಸಿದ್ರೆ ನಿಮ್ಮ ಅಕ್ಕ ಅದರ ತುಂಬ ಇರ್ತಾರೆ. ತಂದು ಕೊಡ್ಲಾ?"

ಅವಳಿಗೆ ಜಗಳವಾಡಲು ಏನೂ ಉಳಿಯಲಿಲ್ಲ. ಅದೇ ಅವಳಿಗೆ ದೊಡ್ಡ ತೊಂದರೆಯಾಯಿತು!

ಮಾನಿಟರ್ ಬಂತು. ಆಮೇಲೆ ಅವನು ಕೇಬಲ್ ಹಾಕಲು ಬಂದ, ಕೇಬಲ್ ಸರಿಯಿದೆಯೇ ನೋಡಲು ಬಂದ, ಕೊನೆಗೆ ಕೇಬಲ್ಲಿನ ನೆಪವೂ ಇಲ್ಲದೆ ಬಂದ. ಅಕ್ಕ ಅವನಿಗೆ ಕೈಸನ್ನೆ ಕಲಿಸಿದಳು. ತಂಗಿ ಕೆಲಸದಲ್ಲಿ ಮುಳುಗಿದವಳಂತೆ ನಟಿಸುತ್ತ ಎಲ್ಲವನ್ನೂ ನೋಡಿದಳು.

ಶಾಲೆ ಮೊದಲ ಕಥೆಯನ್ನು ಒಪ್ಪಿಕೊಂಡ ದಿನ ಅವನು ಹೊಸ್ತಿಲಲ್ಲೇ ನಿಂತುಬಿಟ್ಟ. ಕೈ ಎತ್ತಿ ಏನೋ ಹೇಳಹೋದ. ಬೆರಳು ಅರ್ಧಕ್ಕೇ ನಿಂತಿತು.

ಅವಳಿಗೆ ಅರ್ಥವಾಗಿತ್ತು. ಆದರೂ ಬಿಡುವವಳೇ ಅವಳು?

"ಬೆರಳು ನುಂಗ್ಬೇಡಿ. ಪೂರ್ತಿ ಹೇಳಿ."

"ನೀವಂದ್ರೆ... ನನಗೆ ತುಂಬಾ ಇಷ್ಟ. ನಿಮ್ಮ ಹಟಾನೂ ಸೇರಿ."

ಅಕ್ಕ ತುಟಿ ನೋಡಿಯೇ ಎಲ್ಲ ತಿಳಿದುಕೊಂಡು, ಮೆಲ್ಲನೆ ಒಳಕೋಣೆಗೆ ಸರಿದಳು.

"ನನಗೂ ಇಷ್ಟ. ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ, ನಿಮ್ಮ ಅಂಗಡಿ ಕೌಂಟರ್ ಮುಂದೇನೂ!" ಅವಳ ದನಿ ಒಮ್ಮೆಲೇ ಮೆತ್ತಗಾಯಿತು. "ಆದ್ರೆ ಯೋಚನೆ ಮಾಡಿ... ನಾನು ಯಾವತ್ತೂ ಅಡ್ಜಸ್ಟ್ ಆಗೋಳಲ್ಲ. ಒಂದ್ಸಲ ಈ ಬಾಗಿಲು ದಾಟಿದ್ರೆ ವಾಪಸ್ ಕಳಿಸಲ್ಲ."

ಅವನು ಹೊಸ್ತಿಲು ದಾಟಿ ಒಳಗೆ ಬಂದು ಅವಳ ಕೈ ಹಿಡಿದ.

"ಬಿಲ್ ಹರಿದು ಹಾಕ್ಬಿಡಿ."