ಬಚ್ಚಿಟ್ಟ ಕಡಾಣಿ

"ಗಾಡಿ ಹತ್ತಬ್ಯಾಡ! ಕೆಳಗಿಳಿ!"

ಶಿವಯೋಗೆಪ್ಪನ ಕೂಗಿಗೆ ಬಬಲೇಶ್ವರದ ಆ ಅಂಗಳವೆಲ್ಲ ಗಪ್ಪಾಯಿತು. ಹಸಿರು ಸೀರೆಯುಟ್ಟ ಏಳು ತಿಂಗಳ ಬಸುರಿ ರಾಚವ್ವ ಗಂಡನನ್ನೇ ದಿಟ್ಟಿಸಿದಳು. ಬಸುರಿಗೆ ಮಾಡುವ ಕುಬಸದ ಶಾಸ್ತ್ರ ಆಗತಾನೆ ಮುಗಿದಿತ್ತು. ಚೊಚ್ಚಲ ಹೆರಿಗೆಗೆ ಬಿಜ್ಜರಗಿಯ ತವರಿಗೆ ಕರೆದೊಯ್ಯಲು ಅಣ್ಣ ಭಾಗಪ್ಪ ಗಾಡಿ ತಂದಿದ್ದ.

"ಮಾಮಾ, ಗಾಲಿ ಕಡಾಣಿ ಎಲ್ಲಿ ಹೋತು?" ಭಾಗಪ್ಪ ಹುಡುಕಾಡಿದ. ಆ ಕೀಲಿಲ್ಲದಿದ್ದರೆ ಗಾಲಿ ಕಳಚಿ ಬೀಳುತ್ತದೆ.

"ನಾನ ಬಚ್ಚಿಟ್ಟೇನಿ. ಆಕಿ ಹೋಗಂಗಿಲ್ಲ."

"ಯಾಕ್ರೀ?" ರಾಚವ್ವ ಕೇಳಿದಳು.

ಅವನು ಬಾಯಿ ಬಿಡಲಿಲ್ಲ. ಮಹಾ ಗಂಡಸು! ಒಂದು ಮಾತು ಆಡಿದ್ದರೆ ಅವನಪ್ಪನ ಗಂಟೇನು ಹೋಗುತ್ತಿತ್ತು?

ಎರಡು ವರ್ಷದ ಹಿಂದೆ, ೧೯೪೪ನೇ ಇಸವಿಯಲ್ಲಿ, ವಿಜಾಪುರದ ಡಾಕ್ಟರಬಾಯಿ ರಾಚವ್ವನ ಗರ್ಭದ ಬಾಯಿಯ ಕೆಟ್ಟ ಹುಣ್ಣನ್ನು ಕ್ಯಾನ್ಸರ್ ಆಗುವ ಮೊದಲೇ ಕತ್ತರಿಸಿ ತೆಗೆದಿದ್ದಳು. ಅಂದಿನಿಂದ ರಾಚವ್ವನಿಗೆ ಒಂದೇ ಅಳುಕು.

'ನನ್ನ ಬ್ಯಾನಿ ತವರಾಗ ಗೊತ್ತಾದೀತಂತ ಇವರಿಗೆ ನಾಚಿಕಿ. ನಾ ಅಂದ್ರ ಹೇಸಿಗಿ...!'

"ಅಣ್ಣಾ, ನಡಿ. ನಡಕೊಂತನ ಹೋಗೂನು!"

ಜೈನಾಪುರ ಮುಟ್ಟುವಷ್ಟರಲ್ಲಿ ನೋವು ಹಿಡಿಯಿತು. ಯಾರದೋ ಹೊಲದ ಗುಡಿಸಲಿನಲ್ಲಿ ಹೆರಿಗೆಯಾಯಿತು. ಅಂಗೈಯಷ್ಟು ಕೂಸು, ನಾಲ್ಕು ಉಸಿರು... ಮುಗಿಯಿತು. ರಾಚವ್ವನಿಗೆ ಎಚ್ಚರ ತಪ್ಪಿತ್ತು. ಹಿಂದೆಯೇ ಓಡಿಬಂದ ಶಿವಯೋಗೆಪ್ಪ ಕೂಸನ್ನೆತ್ತಿಕೊಂಡ. ಭಾಗಪ್ಪ ಬೇರೆ ಗಾಡಿ ಹಿಡಿದು ತಂಗಿಯನ್ನು ಬಿಜ್ಜರಗಿಗೆ ಒಯ್ದ.

ತಿಂಗಳಾದ ಮೇಲೆ ಭಾಗಪ್ಪನ ಗಾಡಿ ಹೊಡೆದುಕೊಂಡು ಶಿವಯೋಗೆಪ್ಪ ತಿಕೋಟಾ ದಾಟಿ ಬಿಜ್ಜರಗಿಗೆ ಬಂದ. ಬಾಗಿಲಲ್ಲಿ ಕೂತಿದ್ದ ರಾಚವ್ವ ಮುಖ ತಿರುಗಿಸಿದಳು. ಅವನು ಕಡಾಣಿ ಕಿತ್ತು ಅವಳ ಮುಂದಿಟ್ಟ.

"ನೀ ಹೂಂ ಅಂದ್ರ ಹಾಕತೇನಿ. ಇಲ್ಲಾಂದ್ರ ನಡಕೊಂಡ ಹೋಗತೇನಿ."

"ಈಗ್ಯಾಕ ಬಂದ್ರಿ?"

"ಡಾಕ್ಟರಬಾಯಿ ಹುಣ್ಣ ತಗದ ದಿನ ನನ್ನ ಮುಂದ ಹೇಳಿದ್ರು. ಗರ್ಭದ ಬಾಯಿ ಸಡಲಾಗೇತಿ, ಬಸುರಾದ್ರ ಕೂಸು ಲಗೂನ ಬಂದೀತು, ಗಾಡ್ಯಾಗ ಕುಂದರಸಬ್ಯಾಡ್ರಿ ಅಂತ. ನೀ ಹೆದರತಿ ಅಂತ ಮುಚ್ಚಿಟ್ಟೆ..."

"ನನ್ನ ಹೊಟ್ಟಿ ಸುದ್ದಿ ನನಗ ಹೇಳಲಿಲ್ಲಲ್ರೀ!" ರಾಚವ್ವ ಬಿಕ್ಕಿದಳು. "ಹೇಳಿದ್ರ ಒಂದ ಹೆಜ್ಜಿ ಇಡತಿದ್ದಿಲ್ಲ..."

"ನಿನ್ನೆ ಮತ್ತ ಕೇಳಿ ಬಂದೆ. ಮಲಗಿದ್ರೂ ಉಳೀತಿತ್ತು ಅನ್ನಾಕ ಬರಂಗಿಲ್ಲ ಅಂದ್ರು. ಆದ್ರೂ ತಪ್ಪು ನಂದ."

"ನನ್ನ ಕಂಡ್ರ ಹೇಸಿಗಿ ಅಂತ ತಿಳಿದಿದ್ದೆ."

"ಹುಚ್ಚೀ! ನಿನ್ನ ಮ್ಯಾಲ ಜೀವ ಇಟಗೊಂಡೇನಿ. ನೀ ಉಳಿದೀಯಲ್ಲ, ಅದಕ್ಕ ದಿನಾ ಕೈ ಮುಗೀತೇನಿ."

ರಾಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವಳು ಮೆಲ್ಲಗೆ ಕೇಳಿದಳು.

"ಹೆಣ್ಣಂತಲ್ಲ... ಹೆಂಗಿತ್ರೀ?"

"ಮೂಗು ನಿಂದ." ಅವನು ಅಂಗೈ ಚಾಚಿ ಕೂಸಿನ ಅಳತೆ ತೋರಿಸಿದ. "ನಿನ್ನ ಹಸರ ಸೆರಗ ಹರದು ಸುತ್ತಿ, ನಮ್ಮ ಹೊಲದಾಗ ಮಣ್ಣ ಮಾಡೇನಿ."

ರಾಚವ್ವ ಕಡಾಣಿ ಎತ್ತಿ ಅವನ ಅಂಗೈಗಿಟ್ಟಳು. ಕೈ ಬಿಡಲಿಲ್ಲ.

"ಗಾಲಿಗೆ ಹಾಕ್ರಿ. ಮೊದಲ ಆಕಿ ಹತ್ರ ಹೋಗೂನು."

"ಹೂಂ."

"ಇನ್ನ ಏನೂ ಮುಚ್ಚಿಡಬ್ಯಾಡ್ರಿ."

"ಇಲ್ಲ ರಾಚಿ... ಎಲ್ಲಾ ಹೇಳತೇನಿ."