ನೀಲಾವತಿ ಕೂಡಿಸಿದ ಗೆರಿ

"ಏ ತಾಯಿ, ಸರೀರಿ! ಅದು ನನ್ನ ಮೈಕ್ರೋಸ್ಕೋಪು!"

ನೀಲಾವತಿ ಬೆಚ್ಚಿ ಹಿಂದ ಸರದ್ಲು. ಎಪ್ಪತ್ನಾಲ್ಕರ ಮಾತಿದು, ಪರೇಲದಾಗಿನ ಒಂದು ಲ್ಯಾಬು. ಚಿತ್ರ ಬರಿಯೋ ನೌಕರಿಗೆ ಚೆಂಬೂರಿಂದ ಅವತ್ತ ಬಂದಿದ್ಲು ಪಾಪ. ಒದರಿದಾಂವ ಮುರಿಗೆಪ್ಪ, ಇಲಿ ಮಿದುಳಿನ ಮ್ಯಾಲೆ ಥೀಸಿಸ್ ಬರಿಯೋ ವಿಜಾಪುರದ ಹುಡುಗ. ಮಹಾ ಸಿಟ್ಟಿನ ಮನಷ್ಯಾ.

ಆದ್ರ ಆಕಿ ಕಣ್ಣಾಗ ನೀರು!

"ಅಳಬ್ಯಾಡ್ರಿ... ನಾ ಬೈದಿಲ್ಲ."

"ಬೈದದ್ದಕ್ಕಲ್ರೀ. ಒಳಗ ಎಷ್ಟ ಚಂದ ಐತಿ! ಎಲಿ ಉದುರಿದ ಗಿಡದಂಗ... ಏನದು?"

"ಹಿಪೊಕ್ಯಾಂಪಸ್, ಮಿದುಳಿನ ಒಂದು ಭಾಗ. ಹೊಸಾದು ಕಲ್ತಿದ್ದು ಮೊದಲ ನೆನಪಾಗಿ ಕುಂಡ್ರೋದು ಇಲ್ಲೇ."

ಅಲ್ಲೇ ಆಕಿ ಪ್ರೀತ್ಯಾಗ ಬಿದ್ದ ನೋಡ್ರಿ ಆಂವ! ಬಾಯಿ ಮಾತ್ರ ಬಿಡಲಿಲ್ಲ. ದಡ್ಡ.

ಏಳು ತಿಂಗಳದಾಗ ಎರಡುನೂರು ಚಿತ್ರ ಬರದ್ಲು ಆಕಿ. ಆಕಿ ಕೈ ನಂಬಿ ಆಂವ ಒಂದನ್ನೂ ತಿರಗಿ ತಪಾಸ ಮಾಡಿರಲಿಲ್ಲ. ಥೀಸಿಸ್ ಕೊಡೋ ಹಿಂದಿನ ದಿನ ಮುರಿಗೆಪ್ಪ ಖುಷಿಲೆ ಅಂದ, "ಒಂದು ವಿಚಿತ್ರ ಕೇಳ್ರಿ. ಈ ಮಿದುಳಿನ ಕೋಶ ಒಂದಕ್ಕೊಂದು ಹತ್ತಂಗಿಲ್ಲ. ನಡುವ ಕಣ್ಣಿಗೆ ಕಾಣದಷ್ಟು ಸಂದು. ಒಂದರ ಮಾತು ಅದನ್ನ ದಾಟಿ ಇನ್ನೊಂದಕ್ಕ ಹೋಗ್ತೈತಿ. ಮತ್ತ ಮತ್ತ ದಾಟಿದ್ರ ದಾರಿ ಗಟ್ಟಿ ಆಗ್ತೈತಂತ... ಕಲಿಯೋದಂದ್ರ ಅದ ಇರಬೇಕು!"

ನೀಲಾವತಿ ಮೈ ಜುಮ್ಮಂತು. ಮರುಕ್ಷಣ ಚಿತ್ರದ ಕಟ್ಟು ಬಿಚ್ಚಿ ನೋಡಿದ್ಲು.

'ಹತ್ತಂಗಿಲ್ಲ?... ನಾ ಎಲ್ಲಾ ಕೂಡಿಸಿಬಿಟ್ಟೀನಲ್ಲ!'

ದಿನಾ ಬಾಗಲಿಗೆ ರಂಗೋಲಿ ಹಾಕೋ ಕೈ ಅದು. ಗೆರಿ ತುದಿ ಬಿಚ್ಚಿ ಬಿಟ್ರ ಅಶುಭ ಅಂತ ಅವ್ವ ಅಂಬವ್ವ ಬಡದು ಕಲಿಸಿದ್ಲು. ಬಿಚ್ಚಿದ ತುದಿ ಕಂಡಲ್ಲೆಲ್ಲಾ ಕೈ ತಾನ ಹೋಗಿ ಕೂಡಿಸಿತ್ತು!

ಸುಮ್ಮನಿದ್ರ ಇವತ್ತ ಯಾರಿಗೂ ಗೊತ್ತಾಗಂಗಿಲ್ಲ. ಹೇಳಿದ್ರ ನೌಕರಿ ಹೋಗ್ತೈತಿ... ಇಂವಾನೂ ಹೋಗ್ತಾನ.

"ಸರ್... ಚಿತ್ರ ತಪ್ಪ ಅದಾವು. ಸಂದು ನಾನ ಮುಚ್ಚೀನಿ."

"ಏಳು ತಿಂಗಳ ಸುಳ್ಳ ಬರದ್ರೇನು? ನನ್ನ ಜೀವನ ಆಟ ಅನಕೊಂಡ್ರೇನು?"

ಆಕಿ ಚೀಲ ತಗೊಂಡು ಹೊರಬಿದ್ಲು. ಲೋಕಲ್ ರೈಲಿನ್ಯಾಗ ನಿಂತು, ಕುರ್ಲಾ ಬರೋತನಕ ಅತ್ಲು.

ಮುರಿಗೆಪ್ಪ ಸಿಟ್ಟಿಲೆ ಒಂದೊಂದ ಚಿತ್ರ ಮೈಕ್ರೋಸ್ಕೋಪಿನ ಜೋಡಿ ತಾಳಿ ಹಾಕಿ ನೋಡಾಕತ್ತ. ನೋಡ್ತಾ ನೋಡ್ತಾ ದಂಗ ಬಡದು ಕುಂತ! ಕೂಡಿಸಿದ ಗೆರಿ ಬಿಟ್ರ ಉಳದದ್ದೆಲ್ಲಾ ಖರೆ. ಕೋಶದ ಟೊಂಗಿ ಮ್ಯಾಲಿನ ಸಾಸಿವಿಗಿಂತ ಸಣ್ಣ ಮುಳ್ಳನ್ನೂ ಆಕಿ ಬಿಟ್ಟಿರಲಿಲ್ಲ. ಎರಡು ವರ್ಷದಾಗ ಆಂವ ಅವನ್ನ ನೋಡೇ ಇರಲಿಲ್ಲ!

'ಇಷ್ಟ ನೋಡೋ ಕಣ್ಣು ಆಕಿದು... ಅದಕ್ಕ ಸುಳ್ಳ ಅಂದ್ನಲ್ಲ ನಾ.'

ನಾಕನೇ ದಿನ ಚೆಂಬೂರಿನ ಚಾಳ್‌ನ್ಯಾಗ ಆಕಿ ಮನಿ ಬಾಗಲಕ್ಕ ನಿಂತಿದ್ದ. ಅಂಬವ್ವ ಬಾಗಲ ತಗದು, "ಯಾರಪಾ ನೀ?" ಅಂದ್ಲು.

"ತಪ್ಪ ಮಾಡಿದಾಂವ್ರೀ."

ನೀಲಾವತಿ ಹೊರಗ ಬಂದ್ಲು. "ಥೀಸಿಸ್...?"

"ಆರು ತಿಂಗಳ ಮುಂದ ಹಾಕಿಸೀನಿ. ಎರಡುನೂರೂ ಮತ್ತ ಬರೀತೀರೇನು? ನಾ ಬಾಜೂಕ ಕುಂಡ್ರತೀನಿ... ನೀವು ಒಪ್ಪಿದ್ರ, ಜಲ್ಮ ಪೂರ್ತಿ."

ಆಕಿ ತಲಿ ಬಗ್ಗಿಸಿದ್ಲು. ಒಳಗಿಂದ ಅಂಬವ್ವ, "ಇವ್ರಿಗೆ ಚಾದಾಗ ಸಕ್ರಿ ಎಷ್ಟಬೇ?"

ಮುರಿಗೆಪ್ಪ ಬಾಯಿ ತಗಿಯೂದ್ರಾಗ ಉತ್ತರ ಹೋಗಿತ್ತು. "ಮೂರು ಚಮಚ, ಅವ್ವಾ!"

"ನಿಮಗ ಹೆಂಗ ಗೊತ್ತು?"

"ಲ್ಯಾಬಿನ್ಯಾಗ ದಿನಾ ನೋಡೀನಲ್ಲ," ಅಂದ್ಲು ನೀಲಾವತಿ, "ಕಲ್ತೀನಿ."