ಬೆಂಕಿಗೆ ಹೆದರುವ ಸೈನ್ಸ್ ಮಿಸ್

ಪರದೆಯ ತುಂಬಾ ಒಮ್ಮೆಲೇ ಬೆಂಕಿ!

"ಅಯ್ಯೋ... ಅವ್ವಾ!"

ಅಂಬಿಕ ಕಿರುಚಿದ ರಭಸಕ್ಕೆ ಫೋನು ಕೈಜಾರಿ ಮಡಿಲಿಗೆ ಬಿತ್ತು. ಸಿಗ್ನಲ್ ಸಿಗಲೆಂದು ಹಿತ್ತಲಿನ ತೆಂಗಿನ ಮರದಡಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಆಮೇಲೆ ನೆನಪಾಯಿತು... ಮೈಕ್ ಆಫ್ ಮಾಡಿಯೇ ಇರಲಿಲ್ಲ!

ಅದು ಭಾನುವಾರ ಬೆಳಗಿನ ಆನ್‌ಲೈನ್ ಎಂ.ಎಸ್ಸಿ. ಕೆಮಿಸ್ಟ್ರಿ ಕ್ಲಾಸು. ಅಲ್ಲಿದ್ದವರೆಲ್ಲ ಅವಳಂತೆಯೇ ವಾರವಿಡೀ ಶಾಲೆಯಲ್ಲಿ ಪಾಠ ಹೇಳಿ, ರಜೆಯ ದಿನ ತಾವೇ ವಿದ್ಯಾರ್ಥಿಗಳಾಗಿ ಕೂರುವ ಮೇಷ್ಟರುಗಳು. ಅವಳ ಕೂಗು ಅಷ್ಟೂ ಜನರ ಕಿವಿಗೆ ಬಿದ್ದಿತ್ತು.

ತನ್ನ ಶಾಲೆಯ ಲ್ಯಾಬಿನಿಂದ ಪ್ರಯೋಗ ತೋರಿಸುತ್ತಿದ್ದ ಯುವಕ ಗಾಬರಿಯಿಂದ ಸ್ಪಿರಿಟ್ ಲ್ಯಾಂಪ್ ಆರಿಸಿದ.

"ಯಾರು ಕೂಗಿದ್ದು? ಏನಾಯ್ತು ಮೇಡಂ?"

"ಏನಿಲ್ಲ... ಹಾವು! ಹಾವು ಬಂದಿತ್ತು. ಹೋಯ್ತು."

ಬಾಯಿಗೆ ಬಂದ ಸುಳ್ಳು. ಹೇಳಿದವಳೇ ಮೈಕ್ ಆಫ್ ಮಾಡಿ, ಬೆವರಿದ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು.

ಮಧ್ಯಾಹ್ನ ಒಂದು ಮೆಸೇಜು ಬಂತು. "ನಾನು ಶಿವಶಂಕರ್. ಪಾಂಡವಪುರ ತಾಲ್ಲೂಕು, ತೊಣ್ಣೂರಿನೋನು. ಬೆಳಗ್ಗೆ ಲ್ಯಾಂಪ್ ಹಚ್ಚಿದ್ದು ನಾನೇ. ನಿಮ್ ಹಾವು ಹೋಯ್ತಾ? ಇನ್ನೂ ಅಲ್ಲೇ ಐತಾ?"

'ಗೇಲಿ ಮಾಡ್ತಾವ್ನಾ?' ಅಂಬಿಕಳಿಗೆ ಸಿಟ್ಟು ಬಂತು. ಅದರ ಹಿಂದೆಯೇ, ಯಾಕೋ, ನಗುವೂ ಬಂತು.

ಸಂತೆಬಾಚಹಳ್ಳಿ ಹತ್ತಿರದ ಹೈಸ್ಕೂಲೊಂದರಲ್ಲಿ ಅವಳು ಸೈನ್ಸ್ ಮಿಸ್. ಡಿಗ್ರಿ ಓದುವಾಗ ಲ್ಯಾಬಿನಲ್ಲಿ ಅವಳ ದುಪಟ್ಟಾಗೆ ಬೆಂಕಿ ತಗುಲಿತ್ತು. ಎಡಗೈ ಮೊಣಕೈವರೆಗೆ ಸುಟ್ಟಿತ್ತು. ಗಾಯ ಮಾಯಿತು, ಭಯ ಮಾಯಲಿಲ್ಲ. ಅಂದಿನಿಂದ ಅವಳು ಒಂದು ಬೆಂಕಿಕಡ್ಡಿಯನ್ನೂ ಗೀರಿರಲಿಲ್ಲ. ಮನೆಯಲ್ಲಿ ಒಲೆ ಹಚ್ಚುವುದೂ, ದೇವರ ಮುಂದೆ ದೀಪ ಹಚ್ಚುವುದೂ ಅವ್ವ ಬೆಟ್ಟಮ್ಮನೇ. ಹೆಣ್ಣು ನೋಡಲು ಬಂದಿದ್ದ ಕೆ.ಆರ್. ಪೇಟೆಯ ಒಂದು ಮನೆಯವರು, "ದೀಪ ಹಚ್ಚಕ್ಕೇ ಹೆದರೋಳು ಸಂಸಾರ ಏನ್ ಮಾಡಾಳು?" ಎಂದು ಎದ್ದು ಹೋಗಿದ್ದರು.

ಶಾಲೆಯಲ್ಲಿ ಪ್ರಯೋಗದ ಪಾಠ ಬಂದಾಗಲೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸಿಬಿಡುತ್ತಿದ್ದಳು. ಪಿ.ಯು. ಕಾಲೇಜಿನಲ್ಲಿ ಲೆಕ್ಚರರ್ ಆಗುವ ಆಸೆಗೆ ಎಂ.ಎಸ್ಸಿ. ಬೇಕಿತ್ತು. ಆನ್‌ಲೈನ್ ಆದರೆ ಲ್ಯಾಬಿನ ಗೊಡವೆ ಇರುವುದಿಲ್ಲ ಎಂದುಕೊಂಡೇ ಸೇರಿದ್ದಳು.

ಆ ಸೆಮಿಸ್ಟರಿನ ಅಸೈನ್‌ಮೆಂಟಿಗೆ ಅವಳನ್ನೂ ಶಿವಶಂಕರನನ್ನೂ ಒಂದೇ ಜೋಡಿಗೆ ಹಾಕಿದರು. ಸಂಜೆ ಹೊತ್ತು ಅವನು ತೊಣ್ಣೂರು ಕೆರೆ ಏರಿಯ ಮೇಲಿಂದ ಫೋನ್ ಮಾಡುತ್ತಿದ್ದ. ಮೊದಮೊದಲು ಸಮೀಕರಣಗಳ ಮಾತು. ಆಮೇಲೆ ಶಾಲೆಯ ಮಕ್ಕಳ ಮಾತು. ಆಮೇಲೆ... ಮಾತು ಮುಗಿದ ಮೇಲೂ ಫೋನಿಡಲು ಇಬ್ಬರಿಗೂ ಮನಸ್ಸಿರುತ್ತಿರಲಿಲ್ಲ.

"ಯಾರವ್ವಾ ಅದು, ದಿನಾ ಪಾಠ ಹೇಳ್ಕೊಡೋದು?" ಎಂದು ಬೆಟ್ಟಮ್ಮ ಕೇಳಿದರೆ, "ನಮ್ ಕ್ಲಾಸಿನೋರು ಕಣವ್ವಾ," ಎಂದು ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಕ್ಲಾಸು ಮುಗಿದು ಎಲ್ಲರೂ ಹೊರಟರು. ಪರದೆಯ ಮೇಲೆ ಉಳಿದದ್ದು ಅವರಿಬ್ಬರ ಮುಖ ಮಾತ್ರ.

"ಅಂಬಿಕ ಮೇಡಂ, ಒಂದ್ ಮಾತು ಕೇಳ್ಲಾ? ಯಾರಾದ್ರೂ ಲ್ಯಾಂಪ್ ಹಚ್ಚಿದ್ರೆ ಸಾಕು, ನೀವು ಪರದೆಯಿಂದ ಮಾಯ ಆಗ್ಬುಡ್ತೀರಿ. ಅವತ್ತು ಹಾವು ಬಂದಿರ್ಲಿಲ್ಲ, ಅಲ್ವಾ?"

ಹೇಳಲೋ ಬೇಡವೋ... ಕಣ್ಣು ಮುಚ್ಚಿ ಎಲ್ಲವನ್ನೂ ಹೇಳಿಬಿಟ್ಟಳು. ದುಪಟ್ಟಾದ ಕಥೆ, ಕೈಯ ಕಲೆ, ಎದ್ದು ಹೋದ ಸಂಬಂಧ.

"ಯಾರ್ಗೂ ಹೇಳ್ಬೇಡಿ. ಬೆಂಕಿಗೆ ಹೆದರೋ ಕೆಮಿಸ್ಟ್ರಿ ಟೀಚರ್ ಅಂದ್ರೆ ಜನ ನಗ್ತಾರೆ."

"ನನ್ನ ಬಾಯಿಂದ ಆಚೆ ಬರಾಕಿಲ್ಲ," ಎಂದ ಅವನು. ಎಷ್ಟು ಮೆತ್ತಗೆ ಹೇಳಿದನೆಂದರೆ, ಅವಳಿಗೆ ಅಳು ಬಂತು.

ಮುಂದಿನ ಭಾನುವಾರ ಪ್ರೊಫೆಸರ್ ಲಕ್ಷ್ಮಿದೇವಮ್ಮ ಪಾಠ ನಿಲ್ಲಿಸಿ ಹೇಳಿದರು:

"ಪ್ರಾಕ್ಟಿಕಲ್ಸ್ ನಾಗಮಂಗಲದ ಕಾಲೇಜಿನಲ್ಲಿ ನಡೆಯುತ್ತೆ. ಎಲ್ಲರೂ ಖುದ್ದಾಗಿ ಬರಲೇಬೇಕು. ಮತ್ತೆ... ನಿಮ್ಮಲ್ಲಿ ಬೆಂಕಿ ಕಂಡರೆ ಹೆದರುವವರೂ ಇದ್ದಾರೆ ಅಂತ ಗೊತ್ತಾಯ್ತು. ಅಂಥವರು ಮೊದಲೇ ನನಗೆ ಹೇಳಿ."

ಯಾರೋ ಪಕ್ಕನೆ ನಕ್ಕರು. ಇನ್ಯಾರೋ, "ಕೆಮಿಸ್ಟ್ರಿಗ್ ಬಂದು ಬೆಂಕಿಗ್ ಹೆದರಿದ್ರೆ ಹೆಂಗೆ ಮೇಡಂ?" ಎಂದರು.

ಅಂಬಿಕಳ ಕಿವಿ ಗುಯ್ ಎಂದಿತು. ಗೊತ್ತಾಯ್ತು ಎಂದರೆ? ಹೇಳಿದ್ದು ಒಬ್ಬನಿಗೆ... ಒಬ್ಬನಿಗೇ!

ಕ್ಲಾಸು ಮುಗಿದದ್ದೇ ತಡ, ಅವನಿಗೆ ಫೋನ್ ಮಾಡಿದಳು.

"ಯಾಕ್ ಹೇಳಿದ್ರಿ?"

"ನಾನಾ? ದೇವ್ರಾಣೆ ಹೇಳಿಲ್ಲ ಮೇಡಂ! ಅವ್ರಿಗೆ ಹೆಂಗ್ ಗೊತ್ತಾಯ್ತೋ ನಂಗೂ..."

"ಸಾಕು ಬುಡಿ. ನಿಮ್ಮನ್ನ ನಂಬಿದ್ದೇ ತಪ್ಪು."

ಅವನ ನಂಬರು ಬ್ಲಾಕ್ ಆಯಿತು.

ಆಮೇಲಿನ ದಿನಗಳಲ್ಲಿ ಭಾನುವಾರದ ಕ್ಲಾಸಿಗೆ ಕ್ಯಾಮೆರಾ ಆಫ್ ಮಾಡಿ, ಅಭ್ಯಾಸಬಲದಿಂದ ಕೂರುತ್ತಿದ್ದಳು. ಕೋರ್ಸು ಬಿಟ್ಟುಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ನಾಗಮಂಗಲ ಎಂದು ಬೋರ್ಡಿರುವ ಬಸ್ಸು ಕಂಡರೂ ಮುಖ ತಿರುಗಿಸಿಬಿಡುತ್ತಿದ್ದಳು. ಸಾಲು ಸಾಲು ಬರ್ನರುಗಳು... ಸುತ್ತ ನಿಂತು ನಗುವ ಮುಖಗಳು... ಆ ಮುಖಗಳ ನಡುವೆ ಅವನದ್ದು!

ಅದರ ನಡುವೆಯೇ ಒಂದು ಶನಿವಾರ ಶಾಲೆಯಲ್ಲಿ ಅದು ನಡೆಯಿತು.

ಪಾಠದ ಬಿಡುವಿನಲ್ಲಿ ಲ್ಯಾಬಿನ ಬಾಗಿಲ ಮುಂದೆ ಹಾದು ಹೋಗುತ್ತಿದ್ದವಳಿಗೆ ಸುಟ್ಟ ವಾಸನೆ ಬಂತು. ಇಣುಕಿದಳು. ಒಂಬತ್ತನೇ ಕ್ಲಾಸಿನ ಮೇಘನ ಗೋಡೆಗೆ ಒತ್ತಿ ನಿಂತಿದ್ದಾಳೆ. ಸ್ಪಿರಿಟ್ ಲ್ಯಾಂಪ್ ಉರುಳಿ, ಮೇಜಿನ ಮೇಲೆ ನೀಲಿ ಬೆಂಕಿ ನೀರಿನಂತೆ ಹರಿಯುತ್ತಿದೆ!

"ಮಿಸ್... ಮಿಸ್!"

ಅಂಬಿಕಳ ಕಾಲು ಕಲ್ಲಾಯಿತು. ಹಳೆಯ ಕಲೆ ಇವತ್ತೇ ಸುಟ್ಟಂತೆ ಉರಿಯತೊಡಗಿತು. 'ಓಡು... ಇಲ್ಲಿಂದ ಓಡು!' ಎಂದು ಮೈಯೆಲ್ಲ ಕೂಗುತ್ತಿತ್ತು. ಬೆಂಕಿ ಮೇಜಿನ ಅಂಚು ದಾಟಿ ನೆಲಕ್ಕೆ ಇಳಿಯಿತು. ಮೇಘನಳ ಲಂಗ ಅಲ್ಲೇ ಹತ್ತಿರದಲ್ಲಿತ್ತು.

ಹೇಗೆ ಒಳಗೆ ಹೋದಳೋ ಅವಳಿಗೇ ತಿಳಿಯದು. ಹುಡುಗಿಯ ತೋಳು ಹಿಡಿದು ಬಾಗಿಲಾಚೆ ನೂಕಿದಳು. ಮೂಲೆಯಲ್ಲಿದ್ದ ಮರಳಿನ ಬಕೆಟ್ಟನ್ನು ಎತ್ತಿ ಸುರಿದಳು. ಹಲ್ಲು ಕಟಕಟ ಎನ್ನುತ್ತಲೇ ಇತ್ತು. ಆದರೆ ಬೆಂಕಿ ಆರಿತು.

ನಲ್ಲಿಯ ಕೆಳಗೆ ಮೇಘನಳ ಬೆರಳುಗಳನ್ನು ಹಿಡಿದಳು. ತುದಿ ಕೆಂಪಾಗಿತ್ತು, ಅಷ್ಟೇ.

"ಯಾಕವ್ವಾ ಒಬ್ಳೇ ಹೋಗಿದ್ದೆ? ಏನಾದ್ರೂ ಆಗಿದ್ರೆ?"

ಮೇಘನ ಬಿಕ್ಕಿದಳು. "ನೀವು ಯಾವತ್ತೂ ತೋರ್ಸೇ ಇಲ್ವಲ್ಲ ಮಿಸ್... ನಂಗೆ ನೋಡ್ಬೇಕು ಅನ್ನುಸ್ತು."

ಆ ಮಾತು ಅಂಬಿಕಳ ಎದೆಗೆ ನಾಟಿತು. ತನ್ನ ಭಯ ತನ್ನೊಬ್ಬಳದೇ ಎಂದುಕೊಂಡಿದ್ದಳಲ್ಲ! ಅದು ಈ ಮಗುವಿನ ಬೆರಳವರೆಗೂ ಹೋಗಿತ್ತು.

ಸಂಜೆ ಅವ್ವನ ಪಕ್ಕ ಕೂತು ಹೇಳಿದಳು. "ಅವ್ವಾ, ನಾನು ನಾಗಮಂಗಲಕ್ಕೆ ಹೋಯ್ತೀನಿ."

ಬೆಟ್ಟಮ್ಮ ಅವಳ ಮುಖವನ್ನೇ ನೋಡಿದರು. "ಎದ್ರಿಕೆ ಹೋಯ್ತೇನವ್ವಾ?"

"ಇಲ್ಲ ಕಣವ್ವಾ. ಇನ್ನೂ ಜಾಸ್ತಿ ಆಗೈತೆ."

"ಆಗ್ಲಿ ಬುಡು, ಅಂಗೇ ಹೋಗು. ಎದ್ರಿಕೆ ಹೋಗ್ಲಿ ಅಂತ ಕಾಯ್ತಾ ಕೂತ್ರೆ ವಯಸ್ಸು ಹೋಯ್ತದೆ ಅಷ್ಟೇಯ."

ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸುವಾಗ ಎರಡು ಸಲ ಹಿಂದಕ್ಕೆ ಹೊರಡುವ ಮನಸ್ಸಾಯಿತು. ಆದರೂ ಹೋದಳು.

ಕಾಲೇಜಿನ ಲ್ಯಾಬಿನ ಬಾಗಿಲಲ್ಲೇ ಲಕ್ಷ್ಮಿದೇವಮ್ಮ ಅವಳನ್ನು ಪಕ್ಕಕ್ಕೆ ಕರೆದರು.

"ಅಂಬಿಕ, ನಿನ್ನ ಹತ್ರ ಕ್ಷಮೆ ಕೇಳ್ಬೇಕಮ್ಮ. ಅವತ್ತು ಕ್ಲಾಸು ಮುಗಿದ ಮೇಲೆ ಕ್ಯಾಮೆರಾ ಮಾತ್ರ ಆಫ್ ಮಾಡಿ, ಲ್ಯಾಪ್‌ಟಾಪ್ ಆಫ್ ಮಾಡದೆ ಅಡುಗೆಮನೆಗೆ ಹೋಗಿದ್ದೆ. ವಾಪಸ್ ಬಂದಾಗ ನಿನ್ನ ಮಾತು ಕಿವಿಗೆ ಬಿತ್ತು. ಸಹಾಯ ಮಾಡೋಣ ಅಂತ ಹೊರಟು ಎಲ್ಲರ ಮುಂದೆ ಆಡಬಾರದ್ದು ಆಡಿಬಿಟ್ಟೆ."

"ಹಂಗಾದ್ರೆ... ನಿಮಗೆ ಶಿವಶಂಕರ್..."

"ಅವನಾ? ಆಮೇಲೆ ನಾನೇ ವಿಚಾರಿಸಿದ್ರೂ, ನಂಗೇನೂ ಗೊತ್ತಿಲ್ಲ ಮೇಡಂ ಅಂದ."

'ದೇವರೇ... ಏನೆಲ್ಲ ಅಂದುಬಿಟ್ಟೆ!'

ಒಳಗೆ, ಕಿಟಕಿ ಪಕ್ಕದ ಮೇಜಿನ ಬಳಿ ಅವನು ನಿಂತಿದ್ದ. ಪರದೆಯಲ್ಲಿ ಕಂಡದ್ದಕ್ಕಿಂತ ಎತ್ತರ, ಕಂಡದ್ದಕ್ಕಿಂತ ಸೊರಗಿದ ಮುಖ. ಅವಳನ್ನು ನೋಡಿ ಕೈಯಲ್ಲಿದ್ದ ಟೆಸ್ಟ್ ಟ್ಯೂಬನ್ನು ಸ್ಟ್ಯಾಂಡಿನಲ್ಲಿಡಲು ತಡಕಾಡಿದ.

"ನನ್ನ ಜಾಗ ಇಲ್ಲೇ ಅಂತೆ," ಅಂದಳು. "ನಿಮ್ ಪಕ್ಕ."

"ಬೇಡ ಅನ್ನುಸಿದ್ರೆ ಬೇರೆ ಕಡೆ ಹೋಯ್ತೀನಿ ಮೇಡಂ."

"ನಾನ್ ತಪ್ಪು ತಿಳ್ಕೊಂಡ್ಬುಟ್ಟೆ. ಮೇಡಂ ಎಲ್ಲಾ ಹೇಳಿದ್ರು..." ಅವಳ ದನಿ ಒಡೆಯಿತು. "ನಿಮಗೆ ನನ್ ಮೇಲೆ ಸಿಟ್ಟಿಲ್ವಾ?"

"ಸಿಟ್ಟಲ್ಲ, ಭಯ ಇತ್ತು." ಅವನು ತಲೆ ತಗ್ಗಿಸಿದ. "ನೀವು ಕೋರ್ಸ್ ಬಿಟ್ಬುಟ್ರೆ ಅಂತ. ಪ್ರತಿ ಭಾನುವಾರ ಕ್ಲಾಸ್ ಶುರುವಾದ ತಕ್ಷಣ ನಿಮ್ ಹೆಸ್ರು ಹುಡುಕ್ತಿದ್ದೆ. ಮುಖ ಕಾಣ್ದಿದ್ರೂ ಹೆಸ್ರು ಕಂಡ್ರೆ ಸಾಕು, ಉಸಿರು ಬರೋದು."

ಅಂಬಿಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಪಕ್ಕ ನಿಂತಳು.

ಪ್ರಯೋಗ ಶುರುವಾಯಿತು. ಸುತ್ತಲಿನ ಬರ್ನರುಗಳು ಒಂದೊಂದಾಗಿ ಹೊತ್ತಿಕೊಂಡವು. ಪ್ರತಿಯೊಂದು 'ಭಗ್' ಎಂಬ ಸದ್ದಿಗೂ ಅವಳ ಹೆಗಲು ಕುಗ್ಗುತ್ತಿತ್ತು. ಬೆಂಕಿಪೊಟ್ಟಣ ಮೇಜಿನ ಮೇಲಿತ್ತು. ಅವನು ಅದನ್ನು ಮುಟ್ಟಲಿಲ್ಲ. ಹಚ್ಚಿಕೊಡಲಾ ಎಂದೂ ಕೇಳಲಿಲ್ಲ. ಅವಳ ಸೆರಗು ಸೊಂಟಕ್ಕೆ ಸಿಕ್ಕಿಸಿದೆಯೇ ಎಂದು ಒಮ್ಮೆ ನೋಡಿದ, ಒದ್ದೆ ಬಟ್ಟೆಯೊಂದನ್ನು ಹತ್ತಿರಕ್ಕೆ ಎಳೆದಿಟ್ಟುಕೊಂಡ. ಸುಮ್ಮನೆ ನಿಂತ.

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹೊತ್ತಿದ್ದೇ ಅವಳು ಕಿರುಚಿ ಬಿಸಾಡಿದಳು. ಹಿಂದಿನ ಮೇಜಿನಿಂದ ಯಾರೋ ಕಿಸಕ್ಕೆಂದರು. ಶಿವಶಂಕರ್ ತಿರುಗಿ ನೋಡಿದ, ನಗು ನಿಂತಿತು.

"ನಿಧಾನ," ಎಂದ ಅವನು. "ಯಾವ ಬಸ್ಸೂ ಹೊರಟೋಗಲ್ಲ."

ಮೂರನೆಯ ಕಡ್ಡಿ ಹೊತ್ತಿತು. ಬಿಸಾಡಿಬಿಡಬೇಕು ಅನ್ನಿಸಿತು. ಆದರೂ ಬರ್ನರಿನವರೆಗೆ ಒಯ್ದಳು... ಭಗ್!

ನೀಲಿ ಜ್ವಾಲೆ ನೆಟ್ಟಗೆ ನಿಂತಿತು. ಅವಳೂ ನಿಂತಿದ್ದಳು. ಕಣ್ಣಿಂದ ನೀರು ಧಾರಾಕಾರ.

ಸಂಜೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಪಾಂಡವಪುರದ ಬಸ್ಸು ಬಂದು ಹೋಯಿತು. ಶಿವಶಂಕರ್ ಏಳಲಿಲ್ಲ.

"ಅಂಬಿಕಾ..." ಮೊದಲ ಸಲ ಮೇಡಂ ಎನ್ನಲಿಲ್ಲ. "ನಮ್ಮವ್ವನ್ನ ಕರ್ಕೊಂಡು ನಿಮ್ ಮನೆಗೆ ಬರ್ಲಾ? ಇಷ್ಟ ಇಲ್ದಿದ್ರೆ ಈಗ್ಲೇ ಹೇಳ್ಬುಡಿ."

ಅವಳ ಎದೆ ಮತ್ತೆ ಡವಡವ ಎಂದಿತು. ಇದೂ ಭಯವೇ. ಆದರೆ ಇದರಿಂದ ಓಡಿ ಹೋಗಬೇಕು ಅನ್ನಿಸಲಿಲ್ಲ.

"ಬನ್ನಿ," ಎಂದಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

"ನಾನ್ಯಾರು ಅಂತ ನಿಮ್ಮವ್ವ ಕೇಳಿದ್ರೆ?"

"ನಾನು ಬೆಂಕಿ ಹಚ್ಚೋವಾಗ ಪಕ್ಕದಲ್ಲಿ ನಿಂತಿದ್ದೋರು ಅಂತೀನಿ."

"ಹಚ್ಚೋವಾಗ ಮಾತ್ರವಾ?"

ಅಂಬಿಕ ಅವನ ಕಡೆ ತಿರುಗಿದಳು. ಕಲೆಯಿದ್ದ ಕೈಯನ್ನು ಸೆರಗಿನಡಿ ಮುಚ್ಚಿಕೊಳ್ಳದೆ ಅವನ ಕೈಯ ಮೇಲಿಟ್ಟಳು.

"ಇಲ್ಲ... ಆರಿದ್ ಮೇಲೂ."